ಷೇರಿಗೂ ಒಂದು ಮ್ಯುಟೇಷನ್ ಬೇಕು



ಊರಿನಲ್ಲಿ ಜಮೀನಿರುವ ಮನೆಗಳಿಂದ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಪಹಣಿ ನಿಮಗೆ ಗೊತ್ತು. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತೆಂಬ ವಿವರ, 11ರಲ್ಲಿ ಸಾಲ, ಋಣ, ಬೇರೆಯವರ ಹಕ್ಕು. ಜಮೀನು ಕೊಳ್ಳಲು ಹೊರಟ ರೈತ 9ನೇ ಕಾಲಂ ನೋಡಿದ ತಕ್ಷಣ ಮುಂಗಡ ಕೊಡುವುದಿಲ್ಲ. ಹಕ್ಕು ಬದಲಾದ ದಾಖಲೆ, ಅಂದರೆ ಮ್ಯುಟೇಷನ್ ಪ್ರತಿ ತೆಗೆಸುತ್ತಾನೆ, 11ನೇ ಕಾಲಮ್ಮನ್ನು ಬಲ್ಲವರಿಂದ ಓದಿಸುತ್ತಾನೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದ ಮೇಲೂ ಆ ಎಚ್ಚರ ಹೋಗಿಲ್ಲ. ಖಾಸಗಿ ಕಂಪನಿಯ ಷೇರಿನ ಮಾತು ಬಂದಾಗ ಮಾತ್ರ, ಇಷ್ಟೆಲ್ಲ ಓದಿಕೊಂಡ ನಾವು 9ನೇ ಕಾಲಮ್ಮಿಗೇ ನಿಂತುಬಿಡುತ್ತೇವೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಒಂದು ಸಣ್ಣ ಲೆಕ್ಕ ನೋಡಿ. ಇಬ್ಬರು ಸ್ಥಾಪಕರು, ತಲಾ 5,000 ಈಕ್ವಿಟಿ ಷೇರು. ಹೂಡಿಕೆದಾರರೊಬ್ಬರಿಗೆ 2,500 ಸಿಸಿಪಿಎಸ್, ಅಂದರೆ ಮುಂದೆ ಕಡ್ಡಾಯವಾಗಿ ಒಂದಕ್ಕೆ ಒಂದರಂತೆ ಈಕ್ವಿಟಿಯಾಗುವ ಆದ್ಯತಾ ಷೇರುಗಳು. ನೌಕರರಿಗಾಗಿ ಎತ್ತಿಟ್ಟ ಇಸಾಪ್ ಪಾಲು 1,250. ಈಗ ಮೊದಲ ಸ್ಥಾಪಕರ ಪಾಲು ಎಷ್ಟು? ಈಕ್ವಿಟಿ ರಿಜಿಸ್ಟರ್ ಕೇಳಿದರೆ ಶೇ 50. ಸಿಸಿಪಿಎಸ್ ಸೇರಿಸಿದರೆ ಶೇ 40. ಇಸಾಪ್ ಪಾಲನ್ನೂ ಕೂಡಿಸಿದರೆ ಶೇ 36.36. ಮೂರೂ ಸರಿ. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದು ಗೊತ್ತಿಲ್ಲದೆ ಮಾತುಕತೆಗೆ ಕುಳಿತ ಸ್ಥಾಪಕರನ್ನು ನಾನು ಕಂಡಿದ್ದೇನೆ. ಅವರಿಗೆ ಅದನ್ನು ಹೇಳಬೇಕಾದವರು ನಾವು, ಕಂಪನಿ ಸೆಕ್ರೆಟರಿಗಳು ಮತ್ತು ಲೆಕ್ಕಪರಿಶೋಧಕರು.

ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಕಂಪನಿ 10 ರೂಪಾಯಿ ಮುಖಬೆಲೆಯ ಷೇರನ್ನು 1 ರೂಪಾಯಿಗೆ ವಿಭಜಿಸಿತು. ಮಹಾಸಭೆಯ ನಿರ್ಣಯವಾಯಿತು, 30 ದಿನದೊಳಗೆ ಎಸ್‌ಎಚ್-7 ನಮೂನೆ ರಿಜಿಸ್ಟ್ರಾರರಿಗೆ ಹೋಯಿತು. ಎಕ್ಸೆಲ್ ಹಾಳೆಯಲ್ಲಿ ಷೇರುದಾರರ ಸಂಖ್ಯೆಗಳನ್ನೆಲ್ಲ ಹತ್ತರಿಂದ ಗುಣಿಸಿದೆವು. ನೌಕರರು ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕಾದ ಆಪ್ಷನ್‌ಗಳ ಹಾಳೆ ಬೇರೆ ಇತ್ತು. ಅದನ್ನು ಯಾರೂ ತೆರೆಯಲಿಲ್ಲ. ಮುಂದೆ ಕೆಲಸ ಬಿಟ್ಟ ಒಬ್ಬ ಹೆಣ್ಣುಮಗಳು ತನ್ನ 100 ಆಪ್ಷನ್‌ಗಳಿಗೆ ತಲಾ 500ರಂತೆ 50,000 ರೂಪಾಯಿ ಕಟ್ಟಿದರು. ಅವರಿಗೆ ಸಲ್ಲಬೇಕಾಗಿದ್ದದ್ದು ತಲಾ 50 ರೂಪಾಯಿಯ 1,000 ಷೇರು. ಕಟ್ಟಿದ ಹಣ ಅಷ್ಟೇ, ಕೈಗೆ ಬಂದ ಷೇರು ಹತ್ತರಲ್ಲೊಂದು ಪಾಲು. ಮೊತ್ತ ತಾಳೆಯಾಗಿದ್ದರಿಂದ ನಮಗ್ಯಾರಿಗೂ ಅನುಮಾನವೇ ಬರಲಿಲ್ಲ. "ಸರ್, ನನ್ನ ಜೊತೆ ಸೇರಿ ವಿಭಜನೆಗೆ ಮೊದಲೇ ಷೇರು ಪಡೆದವರಿಗೆ ಸಾವಿರ ಬಂದಿದೆ, ನನಗೆ ನೂರೇ ಯಾಕೆ?" ಎಂದು ಅವರೇ ಫೋನ್ ಮಾಡಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರ ಷೇರಿನ ಪತ್ರಗಳ ಮೇಲೆ ನನ್ನ ಪರಿಶೀಲನೆಯ ಗುರುತು ಇತ್ತು. ಸರಿಪಡಿಸಿದೆವು, ನಿಜ. ಅವರು ಕೇಳದೇ ಇದ್ದಿದ್ದರೆ?

ಷೇರು, ಆಪ್ಷನ್ ದಾಖಲೆಗಳನ್ನೆಲ್ಲ ಒಂದೇ ಕಡೆ ಇಡುವ ಈಕ್ವಿಟಿ ತಂತ್ರಾಂಶದ ಬೆಲೆ ನನಗೆ ತಿಳಿದದ್ದು ಅಲ್ಲಿಂದ. ಅದರಲ್ಲಿ ವಿಭಜನೆ ಎಂಬುದು ಒಂದು ನಮೂದು: ದಿನಾಂಕ, ಅನುಪಾತ, ಜೊತೆಗೆ ನಿರ್ಣಯದ ಪ್ರತಿ. ಆ ಒಂದು ನಮೂದು ಷೇರು, ಆಪ್ಷನ್, ಆಪ್ಷನ್ ಬೆಲೆ, ಪರಿವರ್ತನೆಯ ಅನುಪಾತ ಎಲ್ಲವನ್ನೂ ಮುಟ್ಟಬೇಕು. ಆದರೆ ಒಳಗೆ ಇಲ್ಲದ್ದನ್ನು ಅದು ಮುಟ್ಟಲಾರದು. ಇಮೇಲಿನಲ್ಲಿ ಮಾತು ಕೊಟ್ಟು ಮರೆತ ಆಪ್ಷನ್, ಡ್ರಾಯರಿನಲ್ಲಿ ಉಳಿದ ಹಳೆಯ ಪತ್ರ, ಇವನ್ನು ಹುಡುಕಿ ತರುವ ಕೆಲಸ ಇನ್ನೂ ಮನುಷ್ಯರದೇ.

ದಿನಾಂಕದ ವಿಷಯದಲ್ಲಿ ಅವಸರ ಬೇಡ. ಹಣ ಬ್ಯಾಂಕಿಗೆ ಬಂದ ಸಂಜೆಯೇ ಹೂಡಿಕೆದಾರರ ಹೆಸರು ತಂತ್ರಾಂಶಕ್ಕೆ ಏರಿಬಿಡುತ್ತದೆ. ಆದರೆ ಬೋರ್ಡು ಹಂಚಿಕೆ ಮಾಡುವವರೆಗೆ ಅದು ಬರೀ ಅರ್ಜಿಯ ಹಣ. ಕಂಪನಿ ಕಾಯ್ದೆ 2013ರ 42ನೇ ಸೆಕ್ಷನ್ ಪ್ರಕಾರ ಹಣ ಬಂದ 60 ದಿನದೊಳಗೆ ಹಂಚಿಕೆ ಆಗಬೇಕು, ಆದ 15 ದಿನದೊಳಗೆ ಹಂಚಿಕೆಯ ವಿವರದ ಪಿಎಎಸ್-3 ನಮೂನೆ ರಿಜಿಸ್ಟ್ರಾರರಿಗೆ ಹೋಗಬೇಕು. ಅದು ಹೋಗುವವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ರಿಜಿಸ್ಟರಿನಲ್ಲಿ ನಮೂದಿಗೆ ಬೋರ್ಡಿನ ಒಪ್ಪಿಗೆಯಿಂದ 7 ದಿನ. ಹಣ ವಿದೇಶದಿಂದ ಬಂದದ್ದಾದರೆ ಹಂಚಿಕೆಯಿಂದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ.

ಇನ್ನೊಂದು ಭ್ರಮೆಯನ್ನು ಇಲ್ಲೇ ಬಿಡಿಸಿಕೊಳ್ಳೋಣ. ತಂತ್ರಾಂಶದ ಪರದೆಯಲ್ಲಿ ಕಂಡದ್ದೇ ಕಾನೂನಿನ ದಾಖಲೆ ಅಲ್ಲ. 2023ರ ಅಕ್ಟೋಬರಿನಲ್ಲಿ ಬಂದ 9ಬಿ ನಿಯಮ ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದ ಖಾಸಗಿ ಕಂಪನಿಗಳಿಗೂ ಡಿಮ್ಯಾಟನ್ನು ಕಡ್ಡಾಯ ಮಾಡಿತು; ಗಡುವು ವಿಸ್ತರಣೆಯಾಗಿ 2025ರ ಜೂನ್ 30ಕ್ಕೆ ನಿಂತಿತು. ಡಿಮ್ಯಾಟ್ ಆದ ಷೇರಿಗೆ ಡಿಪಾಸಿಟರಿಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಇಟ್ಟಿರುವ ಪಟ್ಟಿಯೇ ಸದಸ್ಯರ ರಿಜಿಸ್ಟರ್. ಹಾಗಾದರೆ ನಮ್ಮ ತಂತ್ರಾಂಶಕ್ಕೆ ಇನ್ನೇನು ಕೆಲಸ ಎಂದು ಯುವ ಮಿತ್ರರೊಬ್ಬರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಡಿಪಾಸಿಟರಿಯಲ್ಲಿ 9ನೇ ಕಾಲಂ ಇದೆ, 11 ಪೂರ್ತಿಯಾಗಿ ಇಲ್ಲ. ಇನ್ನೂ ಷೇರಾಗದ ಆಪ್ಷನ್‌ಗಳು, ಅವು ನೌಕರರ ಹಕ್ಕಾಗುವ ವೆಸ್ಟಿಂಗ್ ದಿನಾಂಕ, ಹೂಡಿಕೆ ಒಪ್ಪಂದದಲ್ಲಿ ಬರೆದುಕೊಟ್ಟ ಹಕ್ಕುಗಳು ಅಲ್ಲಿ ಕಾಣುವುದಿಲ್ಲ. ಇದ್ದದ್ದನ್ನೂ ಬರಲಿರುವುದನ್ನೂ ಒಟ್ಟಿಗೆ ನೋಡಲು ಸಿಗುವ ಜಾಗ ಈ ತಂತ್ರಾಂಶವೊಂದೇ. ಅದಕ್ಕೇ ಅಲ್ಲಿ ಸಡಿಲ ಬಿಡಬಾರದು ಎನ್ನುವುದು.

ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಆ ಸೌಲಭ್ಯವನ್ನು ಆಫ್ ಮಾಡುವಂತಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಷೇರಿನ ದಾಖಲೆಗೂ ಆ ಶಿಸ್ತನ್ನು ನಾವಾಗಿಯೇ ಹಾಕಿಕೊಳ್ಳೋಣ. ಹಳೆಯ ಸಂಖ್ಯೆಯ ಮೇಲೆ ಹೊಸದನ್ನು ಬರೆಯುವುದು ಬೇಡ. ತಪ್ಪಾಗಿದ್ದರೆ ತಪ್ಪು ಹಾಗೇ ಕಾಣಲಿ, ಅದರ ಕೆಳಗೆ ದಿನಾಂಕ, ಕಾರಣ, ಒಪ್ಪಿದವರ ಹೆಸರಿನೊಂದಿಗೆ ತಿದ್ದುಪಡಿ ಬರಲಿ. ಜರ್ನಲ್‌ನಲ್ಲಿ ರಿವರ್ಸ್ ಎಂಟ್ರಿ ಹಾಕುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

ನಾಳೆ ಕಚೇರಿಗೆ ಹೋದಾಗ ಒಂದು ಕೆಲಸ ಮಾಡಿ. ನೀವು ನೋಡಿಕೊಳ್ಳುವ ಕಂಪನಿಯಲ್ಲಿ ಎಲ್ಲರಿಗಿಂತ ಕಡಿಮೆ ಆಪ್ಷನ್ ಇರುವ ನೌಕರರ ಹೆಸರು ತೆಗೆಯಿರಿ. ಅವರಿಗೆ ಕೊಟ್ಟ ಮೊದಲ ಪತ್ರದಿಂದ ಇವತ್ತಿನ ಸಂಖ್ಯೆಯವರೆಗೆ ಒಂದೊಂದೇ ನಮೂದನ್ನು ಕಾಗದದ ಮೇಲೆ ಜೋಡಿಸಿ. ಎಲ್ಲಿ ಕೊಂಡಿ ತಪ್ಪುತ್ತದೋ ಅಲ್ಲಿಂದ ದುರಸ್ತಿ ಶುರು ಮಾಡಿ, ಅವರು ಫೋನ್ ಮಾಡುವ ಮೊದಲೇ.