ಮನಸ್ಸಿನ ಕಾಯಿಲೆ ಮತ್ತು ರಕ್ತಪರೀಕ್ಷೆಯ ರಿಪೋರ್ಟು

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ವಿದ್ಯಾರ್ಥಿವೇತನ, ಅಂಕ, ಉದ್ಯೋಗ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಒಂದು ಕಾಯಿಲೆಯ ವಿಷಯ. ಇದಕ್ಕೂ ಶಿಕ್ಷಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬೈಪೋಲಾರ್ ಎಂಬ ಈ ಕಾಯಿಲೆ ಹೆಚ್ಚಾಗಿ ತಲೆದೋರುವುದೇ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ. ಅಂದರೆ ಪಿಯುಸಿ, ಡಿಗ್ರಿ ಓದುವ ವಯಸ್ಸಿನಲ್ಲಿ. ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಕಾಲೇಜು ಬಿಟ್ಟರೆ ನಾವು ಸೋಮಾರಿತನ ಎನ್ನುತ್ತೇವೆ, ಸಹವಾಸ ದೋಷ ಎನ್ನುತ್ತೇವೆ, ಗಾಳಿ ಸೋಕಿದೆ ಎನ್ನುವವರೂ ಇದ್ದಾರೆ. ಕಾಯಿಲೆ ಇರಬಹುದು ಎಂಬ ಯೋಚನೆ ಬರುವುದು ಕೊನೆಯಲ್ಲಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ತುತ್ತಾದ ವಯಸ್ಕರು ಶೇಕಡಾ 0.5. ಅಂದರೆ ಇನ್ನೂರು ಮಂದಿಯಲ್ಲಿ ಒಬ್ಬರು. ನಿಮ್ಮ ಊರಿನಲ್ಲಿ ಎಷ್ಟು ಜನರಿದ್ದಾರೆ, ನೀವೇ ಲೆಕ್ಕ ಹಾಕಿ ನೋಡಿ.

ಈ ಕಾಯಿಲೆಗೆ ಎರಡು ಮುಖ. ಒಂದು ಉನ್ಮಾದ. ವಾರಗಟ್ಟಲೆ ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ಕೈಯಲ್ಲಿದ್ದ ಹಣ ನೀರಿನಂತೆ ಖರ್ಚಾಗುತ್ತದೆ, ತನ್ನಿಂದ ಆಗದ್ದು ಯಾವುದೂ ಇಲ್ಲವೆಂಬ ಭಾವನೆ. ಇನ್ನೊಂದು ಖಿನ್ನತೆ. ಹಾಸಿಗೆಯಿಂದ ಏಳಲೂ ಆಗದ, ಬದುಕೇ ಬೇಡವೆನಿಸುವ ಸ್ಥಿತಿ. ಇವೆರಡರ ನಡುವೆ ವ್ಯಕ್ತಿ ಎಲ್ಲರಂತೆಯೇ ಇರುತ್ತಾನೆ. ಆದುದರಿಂದಲೇ ಮನೆಯವರಿಗೆ ಇದು ಕಾಯಿಲೆ ಎಂದು ನಂಬಲು ಕಷ್ಟ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಇತ್ತೀಚೆಗೆ ಲ್ಯಾಬುಗಳು ಊರೂರಿಗೆ ಬಂದಿವೆ. ರಕ್ತ ಕೊಟ್ಟರೆ ವಿಟಮಿನ್, ಹಾರ್ಮೋನುಗಳ ಪಟ್ಟಿಯೇ ಕೈಗೆ ಸಿಗುತ್ತದೆ. ಅದರಲ್ಲಿ ಒಂದೆರಡು ಅಂಕಿಗಳು ದಪ್ಪ ಅಕ್ಷರದಲ್ಲಿರುತ್ತವೆ. ಅದನ್ನು ಕಂಡೊಡನೆ ಮನೆಯವರಿಗೆ ಸಮಾಧಾನ: “ಮಗನಿಗೆ ಮಾನಸಿಕ ಕಾಯಿಲೆ ಏನೂ ಇಲ್ಲ, ವಿಟಮಿನ್ ಕಡಿಮೆ ಅಷ್ಟೆ.” ಮರುದಿನದಿಂದ ಮನೋವೈದ್ಯರ ಮಾತ್ರೆ ನಿಲ್ಲುತ್ತದೆ, ವಿಟಮಿನ್ ಮಾತ್ರೆ ಶುರುವಾಗುತ್ತದೆ. ಈ ಸಮಾಧಾನ ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ. ಹಾಗೆಂದು ರಿಪೋರ್ಟು ನಿರರ್ಥಕವೂ ಅಲ್ಲ. ಅದನ್ನು ಓದುವ ಕ್ರಮ ತಿಳಿದಿರಬೇಕು.

ಮೊದಲು ಥೈರಾಯ್ಡ್. ಕೊರಳಿನಲ್ಲಿರುವ ಈ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ಮಂಕುತನ, ಆಯಾಸ, ತೂಕ ಏರಿಕೆ ಬಂದು ಖಿನ್ನತೆಯಂತೆಯೇ ಕಾಣುತ್ತದೆ. ಹೆಚ್ಚಾದರೆ ಚಡಪಡಿಕೆ, ನಿದ್ರಾಹೀನತೆ ಬಂದು ಉನ್ಮಾದವನ್ನು ಹೋಲಬಹುದು. ಆದುದರಿಂದ ಚಿಕಿತ್ಸೆಯ ಆರಂಭದಲ್ಲೇ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಅಷ್ಟೇ ಅಲ್ಲ, ಈ ಕಾಯಿಲೆಗೆ ಕೊಡುವ ಪ್ರಮುಖ ಔಷಧವಾದ ಲಿಥಿಯಂ ಥೈರಾಯ್ಡನ್ನು ಕುಂದಿಸಬಲ್ಲದು, ಮಹಿಳೆಯರಲ್ಲಿ ಇದು ಇನ್ನೂ ಹೆಚ್ಚು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂನ ಉಪಯೋಗವನ್ನು ಪ್ರಕಟಿಸಿದರು. ಮುಕ್ಕಾಲು ಶತಮಾನ ಕಳೆದರೂ ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಅದರ ಸ್ಥಾನ ಹಾಗೆಯೇ ಇದೆ. ಥೈರಾಯ್ಡ್ ಕುಂದಿತೆಂದು ಲಿಥಿಯಂ ಎಸೆಯಬೇಕಾಗಿಲ್ಲ. ಸಾಮಾನ್ಯವಾಗಿ ವೈದ್ಯರು ಥೈರಾಯ್ಡ್ ಮಾತ್ರೆಯನ್ನು ಸೇರಿಸಿ ಲಿಥಿಯಂ ಮುಂದುವರಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಮಾತ್ರ ಕಾಯಿಲೆ ಮರಳಿ ಬರುವ ಅಪಾಯ ಬಹಳ ಹೆಚ್ಚು.

ಲಿಥಿಯಂ ತೆಗೆದುಕೊಳ್ಳುವವರು ಸುಮಾರು ಆರು ತಿಂಗಳಿಗೊಮ್ಮೆ ಥೈರಾಯ್ಡ್, ಮೂತ್ರಪಿಂಡ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿನ ಲಿಥಿಯಂ ಮಟ್ಟವನ್ನೂ ನೋಡಬೇಕು, ಅದೂ ಕೊನೆಯ ಮಾತ್ರೆಯಾಗಿ 12 ಗಂಟೆಗೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ, ಕೆಲವರಿಗೆ 1.0ರವರೆಗೂ ಬೇಕಾಗುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುವ ಹೆಣ್ಣುಮಕ್ಕಳು ಒಂದು ವಿಷಯ ನೆನಪಿಡಿ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಥೈರಾಯ್ಡ್ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮೊದಲು ವೈದ್ಯರಿಗೆ ಹೇಳಿ.

ಎರಡನೆಯದು ವಿಟಮಿನ್ ಡಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಬೈಪೋಲಾರ್ ಇರುವವರಲ್ಲಿ ಈ ಕೊರತೆ ಸಾಮಾನ್ಯ ಎಂಬುದು ನಿಜ. ಆದರೆ ಬಿಸಿಲಿನ ನಾಡಾದ ನಮ್ಮ ದೇಶದಲ್ಲಿ ಯಾವ ಕಾಯಿಲೆಯೂ ಇಲ್ಲದವರಲ್ಲೂ ಅದು ವ್ಯಾಪಕ. ಖಿನ್ನತೆಯಿಂದ ಬಾಗಿಲು ಹಾಕಿಕೊಂಡು ಮಲಗಿದವನಿಗೆ ಬಿಸಿಲು ಎಲ್ಲಿಂದ ಸಿಗಬೇಕು? ಕಾರ್ಬಮಜೆಪಿನ್‌ನಂತಹ ಔಷಧವೂ ಅದನ್ನು ತಗ್ಗಿಸುತ್ತದೆ. ಹೀಗೆ ಕೊರತೆಯು ಕಾಯಿಲೆಯ ಕಾರಣವಾಗಿರದೆ ಪರಿಣಾಮವೂ ಆಗಿರಬಹುದು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಚಿಕ್ಕ ಅಧ್ಯಯನದಲ್ಲಿ ಬೈಪೋಲಾರ್ ಖಿನ್ನತೆಯಿರುವವರಿಗೆ 12 ವಾರ ದಿನಕ್ಕೆ 5000 ಯೂನಿಟ್ ವಿಟಮಿನ್ ಡಿ ಕೊಟ್ಟರು. ರಕ್ತದಲ್ಲಿ ಮಟ್ಟವೇನೋ ಏರಿತು, ಖಿನ್ನತೆಯಲ್ಲಿ ಮಾತ್ರ ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಕೊರತೆಯಿದ್ದರೆ ಎಲುಬಿನ ಸಲುವಾಗಿ ಅದನ್ನು ತುಂಬಿಸಿಕೊಳ್ಳಬೇಕು. ಮನಸ್ಸಿನ ಔಷಧಕ್ಕೆ ಅದು ಬದಲಿಯಲ್ಲ.

ಮೂರನೆಯದು ಬಿ12 ಮತ್ತು ಫೋಲಿಕ್ ಆಸಿಡ್. ಬಿ12 ತೀರಾ ಕಡಿಮೆಯಾದರೆ ಮರೆವು, ಕೈಕಾಲು ಜೋಮು, ಖಿನ್ನತೆ ಬರಬಹುದು. “ಮೀನು ಮಾಂಸ ತಿನ್ನುವ ನಮಗೆ ಅದು ಕಡಿಮೆಯಾಗದು” ಎಂಬ ನಂಬಿಕೆ ನಮ್ಮಲ್ಲಿದೆ. ಸಕ್ಕರೆ ಕಾಯಿಲೆಗೆ ಅಥವಾ ಮನೋರೋಗದ ಔಷಧದಿಂದ ಏರಿದ ತೂಕಕ್ಕೆ ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಹೀರಿಕೆ ಕುಗ್ಗುತ್ತದೆ, ಊಟ ಏನೇ ಇರಲಿ. “ವಿಟಮಿನ್‌ನಿಂದ ಕೇಡಿಲ್ಲ” ಎನ್ನುವವರಿಗೆ ಇನ್ನೊಂದು ಉದಾಹರಣೆ. ಬ್ರಿಟನ್ನಿನಲ್ಲಿ 202 ಬೈಪೋಲಾರ್ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಮೋಟ್ರಿಜಿನ್ ಎಂಬ ಔಷಧದ ಪ್ರಯೋಜನವನ್ನು ಜೊತೆಗೆ ಕೊಟ್ಟ ಫೋಲಿಕ್ ಆಸಿಡ್ ಇಲ್ಲವಾಗಿಸಿದಂತೆ ಕಂಡುಬಂತು. ಇದು ಒಂದೇ ಅಧ್ಯಯನ. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಬೇಕೇ ಬೇಕು. ಹಾಗಾಗಿ ಸೇರಿಸುವುದಾಗಲಿ ಬಿಡುವುದಾಗಲಿ ವೈದ್ಯರನ್ನು ಕೇಳಿಯೇ ಆಗಲಿ.

ತಾಯಂದಿರಿಗೆ ಒಂದು ಮಾತು. ರಿಸ್ಪೆರಿಡೋನ್‌ನಂತಹ ಔಷಧಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಮುಟ್ಟು ನಿಲ್ಲುವಂತೆ, ಎದೆಹಾಲು ಬರುವಂತೆ ಮಾಡಬಹುದು. ಮದುವೆಯಾಗದ ಹುಡುಗಿಯಲ್ಲಿ ಹೀಗಾದರೆ ಮನೆಯಲ್ಲಿ ಎಂತೆಂತಹ ಸಂಶಯಗಳು ಏಳುತ್ತವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವಳನ್ನು ಅನುಮಾನಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಔಷಧ ಬದಲಿಸಿದರೆ ಅದು ಸರಿಹೋಗುತ್ತದೆ. ವಾಲ್‌ಪ್ರೊಯೇಟ್ ಎಂಬ ಔಷಧ ಗರ್ಭದಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು. ಮಗಳ ಮದುವೆ ನಿಶ್ಚಯವಾಗುವಾಗಲೇ ಈ ವಿಷಯ ವೈದ್ಯರ ಮುಂದೆ ಬರಬೇಕು. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲಿ ಆಕೆ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಕೊನೆಗೆ ಬಿಟ್ಟುಬಿಡುತ್ತಾಳೆ. ಹೆರಿಗೆಯ ನಂತರದ ವಾರಗಳಲ್ಲಿ ಹಾರ್ಮೋನುಗಳ ಇಳಿಕೆಯೂ ನಿದ್ದೆಗೇಡೂ ಸೇರಿ ಕಾಯಿಲೆ ಉಲ್ಬಣಿಸುವ ಸಂಭವ ಅತಿ ಹೆಚ್ಚು. ಆಗ ಮುಚ್ಚಿಟ್ಟದ್ದರ ಬೆಲೆಯನ್ನು ತಾಯಿ ಮಗು ಇಬ್ಬರೂ ತೆರುತ್ತಾರೆ.

ರಮಝಾನ್ ಉಪವಾಸದ ಬಗ್ಗೆ ಅನೇಕರು ಕೇಳುತ್ತಾರೆ. ದೇಹದಲ್ಲಿ ನೀರು ಕಡಿಮೆಯಾದರೆ ಲಿಥಿಯಂ ಮಟ್ಟ ಏರುವ ಅಪಾಯವಿದೆ. ಕೈನಡುಕ ಹೆಚ್ಚುವುದು, ವಾಂತಿ ಭೇದಿ, ನಡಿಗೆ ತಡವರಿಸುವುದು ಇದರ ಲಕ್ಷಣಗಳು. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೂ ಮಟ್ಟ ಏರಬಹುದು. ಪೇಶಾವರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪವಾಸ ಹಿಡಿದ, ಸ್ಥಿರವಾಗಿದ್ದ ರೋಗಿಗಳ ಲಿಥಿಯಂ ಮಟ್ಟ ಗಣನೀಯವಾಗಿ ಬದಲಾಗಲಿಲ್ಲ. ಆದರೆ ಮೊರಾಕ್ಕೊದಲ್ಲಿ 20 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು, ಅದಕ್ಕೆ ಲಿಥಿಯಂ ಮಟ್ಟ ಕಾರಣವಾಗಿರಲಿಲ್ಲ. ಆದುದರಿಂದ ರಿಪೋರ್ಟಿನ ಅಂಕಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ನಿದ್ದೆ ಕೆಡುವುದೂ ಈ ಕಾಯಿಲೆಗೆ ಶತ್ರು. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಉಪವಾಸ ಬೇಡವೆಂದು ಅವರು ಹೇಳಿದರೆ, ರೋಗಿಗೆ ರಿಯಾಯಿತಿ ಕೊಟ್ಟಿರುವುದು ನಮ್ಮ ಧರ್ಮವೇ ಎಂಬುದನ್ನು ಮರೆಯಬೇಡಿ. ಜ್ವರ ಬಂದವನಿಗೆ ಈ ರಿಯಾಯಿತಿಯನ್ನು ಒಪ್ಪುವ ನಾವು ಮನಸ್ಸಿನ ರೋಗಿಗೆ ಏಕೆ ನಿರಾಕರಿಸಬೇಕು?

ವಿದ್ಯಾರ್ಥಿಗಳೇ, ನಿಮ್ಮ ಗೆಳೆಯನೊಬ್ಬ ದಿನಗಟ್ಟಲೆ ನಿದ್ದೆಯಿಲ್ಲದೆ ಓಡಾಡುತ್ತಿದ್ದರೆ ನಗಬೇಡಿ. ಕೋಣೆ ಸೇರಿ ಸಾವಿನ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಹಿರಿಯರಿಗೆ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹೆತ್ತವರೇ, ಎಲ್ಲ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿಟ್ಟು ಮನೋವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯಿಂದ ತಂದ ವಿಟಮಿನ್ ಮತ್ತು ಹಳ್ಳಿ ಮದ್ದಿನ ಹೆಸರನ್ನೂ ಬರೆದುಕೊಂಡು ಹೋಗಿ.

ಸಂಘದ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಕಾಯಿಲೆಯಿಂದ ಒಂದು ವರ್ಷ ಓದು ನಿಂತ ವಿದ್ಯಾರ್ಥಿಯ ವಿದ್ಯಾರ್ಥಿವೇತನವನ್ನು ರದ್ದು ಮಾಡಬೇಡಿ. ಚಿಕಿತ್ಸೆ ಪಡೆದು ಮರಳಿ ತರಗತಿಗೆ ಬಂದವರು ಎಷ್ಟೋ ಮಂದಿ ಇದ್ದಾರೆ. ಮರಳಿ ಬರುವವನಿಗೆ ಬೆಂಚಿನಲ್ಲೊಂದು ಜಾಗ ಉಳಿಸುವುದು ಶಿಕ್ಷಣ ಸಂಘದ ಕೆಲಸವೇ ಆಗಿದೆ.