ದೂರದ ಓಟ ಮತ್ತು ಹಾದಿಯ ನೆನಪು

(ಮಲೆನಾಡಿನ ವಿದ್ಯಾರ್ಥಿಗಳ ಶಿಬಿರದಲ್ಲಿ ಬಯಲುಸೀಮೆಯ ಗೆಳೆಯರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಬೀಳಗಿ ತಾಲ್ಲೂಕಿನವನು. ಸಹ್ಯಾದ್ರಿಯಲ್ಲಿ ಹುಟ್ಟಿದ ನೀರು ಕೃಷ್ಣೆಯಾಗಿ, ಘಟಪ್ರಭೆಯಾಗಿ ಹರಿದು ಬರುವ ಸೀಮೆಯಿಂದ ನಿಮ್ಮಲ್ಲಿಗೆ ಬಂದಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳ ಮೇಲೆ ಸುಮಾರು ಮೂವತ್ತು ವರ್ಷಗಳಿಂದ ಓಡುತ್ತಿದ್ದೇನೆ. ಪದಕಗಳೇನೂ ಇಲ್ಲ. ಆದಕಾರಣ ಓಟದ ತಂತ್ರವನ್ನು ಹೇಳಿಕೊಡುವ ಯೋಗ್ಯತೆ ನನಗಿಲ್ಲ. ದೂರದ ಓಟವು ಹಾಡುವಂತೆ, ನೇಯುವಂತೆ ಒಂದು ಸೃಷ್ಟಿಕಾರ್ಯ ಎಂಬ ನನ್ನ ನಂಬಿಕೆಯನ್ನಷ್ಟೇ ನಿಮ್ಮ ಮುಂದಿಡುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಮೊದಲು ನಮ್ಮ ನೆರೆಯ ಜಿಲ್ಲೆಯ ಒಬ್ಬ ಓಟಗಾರನ ವಿಷಯ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಕೆಲವು ರೈತಾಪಿ ಯುವಕರು ಬರಿಗಾಲಿನಲ್ಲಿ ದೂರದ ಓಟ ಓಡಿದರು. ಅದನ್ನು ಕಂಡ ದೊರಾಬ್ಜಿ ಟಾಟಾ ಅವರಿಗೆ ಇಂಥವರನ್ನು ಒಲಿಂಪಿಕ್ಸ್‌ಗೆ ಕಳುಹಿಸಬೇಕೆನಿಸಿತು. ಮರುವರ್ಷ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋದ ಪುಟ್ಟ ತಂಡದಲ್ಲಿ ಬೆಳಗಾವಿ ಜಿಲ್ಲೆಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಹೆಸರು ಕೇಳಿದರೆ ಸಾಕು, ನಮ್ಮ ಕಡೆಯವರೆಂದು ತಿಳಿಯುತ್ತದೆ. ಆ ವರ್ಷದ ಮ್ಯಾರಥಾನ್ ಓಟದ ದೂರ 42.75 ಕಿ.ಮೀ.; ಇಂದಿನ 42.195 ಕಿ.ಮೀ.ಗಿಂತ ಅರ್ಧ ಕಿಲೋಮೀಟರ್ ಹೆಚ್ಚು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷಗಳಲ್ಲಿ ಓಟ ಮುಗಿಸಿ 19ನೆಯವರಾದರು.

ದಾಖಲೆಯ ಪುಸ್ತಕಕ್ಕೆ ಇಷ್ಟು ಸಾಕು. ಆದರೆ ಆ ಎರಡೂ ಮುಕ್ಕಾಲು ಗಂಟೆಯ ಒಳಗೆ ಎಷ್ಟೊಂದು ನಿರ್ಧಾರಗಳಿವೆ, ಯೋಚಿಸಿ. ಎಲ್ಲಿ ಉಸಿರನ್ನು ಹಿಡಿಯಬೇಕು, ಎಲ್ಲಿ ಬಿಡಬೇಕು, ಯಾರನ್ನು ಮುಂದೆ ಹೋಗಗೊಡಬೇಕು, ನೋವನ್ನು ಎಷ್ಟು ದೂರ ಮಾತಾಡಿಸದೆ ಇಡಬೇಕು. ಇವನ್ನು ಓಟಗಾರನು ಹೆಜ್ಜೆ ಹೆಜ್ಜೆಗೂ ಹೊಸದಾಗಿ ಕಟ್ಟುತ್ತಾನೆ. ಒಬ್ಬರು ಕಟ್ಟಿದಂತೆ ಇನ್ನೊಬ್ಬರು ಕಟ್ಟುವುದಿಲ್ಲ. ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ಓಡುವಾಗ ಮುಖ ಕಿವಿಚುತ್ತ, ತಲೆ ಹೊರಳಿಸುತ್ತ, ಪ್ರಾಣ ಹೋಗುತ್ತಿದೆಯೋ ಎಂಬಂತೆ ಓಡುತ್ತಿದ್ದರು. ಅದೇ ಓಟದಲ್ಲಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. ಕೈಬರಹದಂತೆ ಓಟವೂ ಅವರವರದೇ. ಓಟ ಮುಗಿದ ಮೇಲೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಹಾಡು ಮುಗಿದ ಮೇಲೆ ಉಳಿಯುವುದೇನು ಎಂದು ಅವರು ಏಕೆ ಕೇಳುವುದಿಲ್ಲವೋ ಕಾಣೆ.

ನಿಮ್ಮ ಘಟ್ಟದ ಹಾದಿಯಲ್ಲಿ ನಿನ್ನೆ ಬೆಳಿಗ್ಗೆ ಓಡಿದೆ. ತಿರುವಿನಾಚೆ ಏನಿದೆ ಎಂಬುದನ್ನು ಈ ಹಾದಿ ಬಚ್ಚಿಡುತ್ತದೆ. ಏರಿನಲ್ಲಿ ಉಸಿರು ತುಂಡಾಗುತ್ತದೆ, ಇಳಿಜಾರಿನಲ್ಲಿ ಮತ್ತೆ ಕೂಡುತ್ತದೆ. ನಮ್ಮ ಎರೆನೆಲದಲ್ಲಿ ಬಚ್ಚಿಡಲು ಏನೂ ಇಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿ ಒಂದು ತಾಸಿನಿಂದ ಕಾಣುತ್ತಿದ್ದರೂ ಹತ್ತಿರ ಬರುವುದಿಲ್ಲ. ಅಲ್ಲಿ ಬೇಕಾದದ್ದು ಬಲಕ್ಕಿಂತ ತಾಳ್ಮೆ. ರಬಕವಿ-ಬನಹಟ್ಟಿಯ ಓಣಿಗಳನ್ನು ನಸುಕಿನಲ್ಲಿ ಹಾದು ಹೋಗುವಾಗ ಮಗ್ಗದ ಸದ್ದು ಕಿವಿಗೆ ಬಿದ್ದರೆ ಹೆಜ್ಜೆ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಹಾಸು ಮೊದಲೇ ಬಿಗಿದಿರುತ್ತದೆ, ಹೊಕ್ಕು ಹಾಯಿಸುವುದು ನೇಕಾರನ ಕೆಲಸ. ಹಾದಿಗೂ ಓಟಗಾರನಿಗೂ ಇರುವ ಸಂಬಂಧ ನನಗೆ ತಿಳಿದದ್ದು ಆ ಓಣಿಗಳಲ್ಲಿಯೇ. ಕಬ್ಬಿಗೆ ನೀರು ಅತಿಯಾದ ಹೊಲಗಳ ಅಂಚಿನಲ್ಲಿ ಮಣ್ಣಿನ ಮೇಲೆ ಬಿಳಿಯ ಸವಳು ಏಳುತ್ತದೆ. ಬರಿಗಾಲಿಗೆ ಅದು ಕಣ್ಣಿಗಿಂತ ಮೊದಲು ತಿಳಿಯುತ್ತದೆ.

ನಮ್ಮಲ್ಲಿ ಈ ವಿದ್ಯೆ ಹೊಸದಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಯುಗಾದಿಯೊಳಗೆ ಶ್ರೀಶೈಲವನ್ನು ಮುಟ್ಟಲು ಈ ತಾಲ್ಲೂಕುಗಳಿಂದ ಜನರು ಮಲ್ಲಯ್ಯನ ಕಂಬಿ ಹೊತ್ತು ನಡೆಯುತ್ತಾರೆ. ನೂರಾರು ಕಿಲೋಮೀಟರ್, ಬಿಸಿಲಿಗೆ ಅಂಜಿ ರಾತ್ರಿಯೂ ನಡೆಯುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡೇ ಹೋಗುತ್ತಾರೆ. ಬರಿಯ ಭಕ್ತಿಗೆ ಮರಗಾಲೇಕೆ? ತನ್ನ ನಡಿಗೆ ತನ್ನದಾಗಿರಬೇಕೆಂಬ ಹಂಬಲವೂ ಅದರಲ್ಲಿದೆ ಎಂದು ನನ್ನ ಭಾವನೆ.

ಇನ್ನು, ನನ್ನನ್ನು ಇಲ್ಲಿಯವರೆಗೆ ಕರೆತಂದ ಮಾತು. ಬಾಲ್ಯದಲ್ಲಿ ನಾನು ಓಡುತ್ತಿದ್ದ ಹಾದಿ ಊರ ಅಗಸೆಯಿಂದ ಹೊರಟು, ಹನುಮಪ್ಪನ ಕಟ್ಟೆ ಬಳಸಿ, ಎರಡು ಹುಣಸೆಮರಗಳ ನಡುವೆ ಹಾದು ಹೊಳೆಗೆ ಇಳಿಯುತ್ತಿತ್ತು. ಎಲ್ಲಿ ವೇಗ ಹೆಚ್ಚಿಸಬೇಕೆಂದು ಕಾಲಿಗೆ ಗೊತ್ತಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಊರು ಮೇಲಕ್ಕೆ ಹೋಯಿತು, ಹಾದಿ ಕೆಳಗೆ ಉಳಿಯಿತು. ಮನೆಗೆ, ಹೊಲಕ್ಕೆ, ಗಿಡಕ್ಕೆ ಬೆಲೆ ಕಟ್ಟಿದರು. ಹಾದಿಯ ಹೆಸರು ಯಾವ ಪಟ್ಟಿಯಲ್ಲಿಯೂ ಬರಲಿಲ್ಲ. ನೀರು ಬೇಡವೆನ್ನುವವನು ನಾನಲ್ಲ. 1989ರಲ್ಲಿ ಜಮಖಂಡಿ ಕಡೆಯ ರೈತರು ತಾವೇ ಹಣ ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರವೆಂದು ಕರೆದದ್ದು ನೀರಿನ ದಾಹದಿಂದಲೇ. ಆದರೆ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದಂದಿನಿಂದ ನಾನು ಇನ್ನೂ ಉಳಿದಿರುವ ಕೆಳಗಿನ ಹಾದಿಗಳನ್ನು ಒಂದೊಂದಾಗಿ ಓಡಿ ಬರೆದಿಡುತ್ತಿದ್ದೇನೆ: ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ಕಾಲು ಜಾರುತ್ತದೆ. ನಿಮ್ಮ ಕಾಲುದಾರಿಗಳನ್ನೂ ಯಾರಾದರೂ ಹೀಗೆ ಬರೆದಿಟ್ಟಿದ್ದೀರಾ ಎಂದು ಕೇಳಲೆಂದೇ ಬಂದೆ.

ಕಳೆದ ಬೇಸಿಗೆಯಲ್ಲಿ ಹಿನ್ನೀರು ಸರಿದು ಹಳೆಯ ಹಾದಿ ಮೇಲೆದ್ದಿತ್ತು. ಬಿರುಕುಬಿಟ್ಟ ಕೆಸರು, ಒಂದು ಹುಣಸೆಯ ಬೊಡ್ಡೆ. ಕಟ್ಟೆಯ ಕಲ್ಲುಗಳನ್ನು ಗುರುತು ಹಿಡಿದು ಓಡಲಾರಂಭಿಸಿದೆ. ಎಮ್ಮೆ ಮೇಯಿಸುತ್ತಿದ್ದ ಹುಡುಗನೊಬ್ಬ, "ಕಾಕಾ, ಎಲ್ಲಿಗೆ ಹೊಂಟೀರಿ? ಅಲ್ಲಿ ಮುಂದ ಊರಿಲ್ರೀ" ಎಂದು ಕೂಗಿದ. ಕೈಬೀಸಿ ಅವನನ್ನೂ ಕರೆದೆ. ಎಮ್ಮೆಗಳನ್ನು ಬಿಟ್ಟು, ಹೊಳೆಯ ಅಂಚಿನವರೆಗೂ ನನ್ನ ಜೊತೆ ಓಡಿ ಬಂದ.