ಕೇಳಿ ತಂದ ಪುಸ್ತಕ

ಪುಸ್ತಕ ಸಂಪಾದಿಸುವುದಕ್ಕೆ ಮೂರು ದಾರಿಗಳುಂಟು. ಕೊಂಡು ತರುವುದು ಒಂದು. ಕೇಳಿ ತರುವುದು ಇನ್ನೊಂದು. ಕೇಳಿ ತಂದದ್ದನ್ನು ಹಿಂದಕ್ಕೆ ಕೊಡದೆ ಇಟ್ಟುಕೊಳ್ಳುವುದು ಮೂರನೆಯದು. ಈ ಮೂರನೆಯ ದಾರಿಯಲ್ಲಿ ನಡೆದವರು ತಮ್ಮ ಅನುಭವವನ್ನು ಬಾನುಲಿಯಲ್ಲಿ ಹೇಳಿಕೊಳ್ಳುವುದು ಕ್ಷೇಮವಲ್ಲ. ಮೊದಲನೆಯ ದಾರಿಯ ವಿಷಯವನ್ನು ಪುಸ್ತಕದ ಅಂಗಡಿಯವರೇ ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಈ ಹೊತ್ತು ಹೇಳಹೊರಟಿರುವುದು ನಡುವಣ ದಾರಿಯನ್ನು ಕುರಿತು. ಕೇಳಿ ತಂದು, ಓದಿ, ಹಿಂದಿರುಗಿಸುವ ಪುಸ್ತಕವನ್ನು ಕುರಿತು. ನಾನು ಓದಿರುವುದರಲ್ಲಿ ಮುಕ್ಕಾಲು ಪಾಲು ಹೀಗೆ ಬಂದದ್ದೇ.

ನಮ್ಮ ಹಿರಿಯರಿಗೆ ಎರವಲು ಕೊಡುವುದರಲ್ಲಿ ಅಷ್ಟಾಗಿ ನಂಬಿಕೆ ಇರಲಿಲ್ಲ. ಪರರ ಕೈ ಸೇರಿದ ಪುಸ್ತಕ ಹೋಯಿತೆಂದೇ ಲೆಕ್ಕ ಎಂದು ಸಂಸ್ಕೃತದ ಸುಭಾಷಿತಕಾರ ಹೇಳಿಬಿಟ್ಟಿದ್ದಾನೆ. ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯ ಗರಿಯಲ್ಲಿ ಪುಸ್ತಕದ ಬಾಯಿಂದಲೇ ಒಂದು ಬಿನ್ನಹ ಮಾಡಿಸುವುದು ವಾಡಿಕೆಯಾಗಿತ್ತು: ಎಣ್ಣೆಯಿಂದ ನನ್ನನ್ನು ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲವಾಗಿ ಕಟ್ಟಬೇಡಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿ ಎಂದು. ಬೆನ್ನು ಬಗ್ಗಿಸಿ, ಕತ್ತು ನೋಯಿಸಿಕೊಂಡು, ತಿಂಗಳುಗಟ್ಟಲೆ ಕಂಠದಿಂದ ಕೊರೆದು ಬರೆದವನ ಸಂಕಟ ಅದು, ಜಿಪುಣತನವಲ್ಲ.

ಅಂಥ ಕಾಲದಲ್ಲಿಯೇ ಅತ್ತಿಮಬ್ಬೆ ಎಂಬ ಹೆಣ್ಣುಮಗಳು ಪೊನ್ನ ಕವಿಯ ಶಾಂತಿಪುರಾಣಕ್ಕೆ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಹತ್ತನೆಯ ಶತಮಾನದ ಮಾತು ಇದು. ಆಕೆ ಕಟ್ಟಿಸಿದ ಬಸದಿ ಲಕ್ಕುಂಡಿಯಲ್ಲಿ ಇಂದಿಗೂ ನಿಂತಿದೆ. ಅದನ್ನು ನೋಡಿಬಂದವರು ಶಿಲ್ಪವನ್ನು ಹೊಗಳುತ್ತಾರೆ. ನನ್ನಂಥ ಪುಸ್ತಕದ ಹುಳುವಿಗೆ ಆ ಸಾವಿರ ಪ್ರತಿಗಳೇ ದೊಡ್ಡದಾಗಿ ಕಾಣುತ್ತವೆ. ಏಕೆಂದರೆ ಈ ಹೊತ್ತು, ಅಚ್ಚಿನ ಯಂತ್ರವಿದ್ದೂ, ಕಾಗದವಿದ್ದೂ, ಕೋಟಿಗಟ್ಟಲೆ ಅಕ್ಷರಸ್ಥರಿದ್ದೂ, ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಸಾವಿರ ಪ್ರತಿಗಳನ್ನು ದಾಟುವುದಿಲ್ಲ. ಸಾವಿರ ವರ್ಷ ಕಳೆದರೂ ನಮ್ಮ ಲೆಕ್ಕ ಅತ್ತಿಮಬ್ಬೆಯ ಲೆಕ್ಕವನ್ನು ಮೀರಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮಾಡುವವರಿಗೆ ಕೊರತೆ ಇರಲಿಲ್ಲ. ಕೇಳುವವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಹಾಗೆ ಹೋದವರಲ್ಲಿ ಗಳಗನಾಥರು ಮೊದಲಿಗರು. ಹಾವೇರಿಯ ಕಡೆಯ ಈ ಕಾದಂಬರಿಕಾರರು (1869–1942) ತಾವೇ ಬರೆದು, ತಾವೇ ಅಚ್ಚುಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ಕೇಳಿದಾಗಲೆಲ್ಲ ಗಳಗನಾಥರ ಬಗ್ಗೆ ಗೌರವವೂ, ಅವರನ್ನು ಹಾಗೆ ತಿರುಗಿಸಿದ ನಾಡಿನ ಬಗ್ಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಧಾರವಾಡದ ಜಿ. ಬಿ. ಜೋಶಿಯವರು ಇದಕ್ಕೆ ಇನ್ನೊಂದು ಉಪಾಯ ಕಂಡುಕೊಂಡರು. 1933 ರಲ್ಲಿ ಅವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ, ಓದುಗರು ಮುಂಗಡವಾಗಿ ವರ್ಷದ ಚಂದಾ ಕೊಡುವುದು, ಮಾಲೆಯವರು ಆ ವರ್ಷದ ಪುಸ್ತಕಗಳನ್ನು ಮನೆಗೆ ಕಳುಹಿಸುವುದು ಎಂಬ ಒಡಂಬಡಿಕೆ ಮಾಡಿದರು. ಇದನ್ನು ನಾವು ಕನ್ನಡದ ಪುಸ್ತಕ ಕ್ಲಬ್ಬು ಎಂದು ಕರೆದರೆ ತಪ್ಪಾಗಲಾರದು. ಚಂದಾದಾರನಿಗೆ ಮುಂದಿನ ಪುಸ್ತಕ ಯಾವುದೆಂದು ಗೊತ್ತಿಲ್ಲ. ಆರಿಸುವವರ ಮೇಲೆ ನಂಬಿಕೆಯಿಟ್ಟು ಹಣ ಕೊಟ್ಟಿರುತ್ತಾನೆ. ಆ ನಂಬಿಕೆಯ ಬಲದಿಂದಲೇ ಈ ಸಂಸ್ಥೆ 1961 ರಲ್ಲಿ, ಆಗಿನ್ನೂ ಹೆಸರಿಲ್ಲದ ತರುಣರಾಗಿದ್ದ ಗಿರೀಶ ಕಾರ್ನಾಡರ 'ಯಯಾತಿ'ಯನ್ನೂ, 1965 ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಹೊರತರಲು ಧೈರ್ಯಮಾಡಿತು. ಅಂಗಡಿಯಲ್ಲಿ ನಿಂತು ಆರಿಸುವಾಗ ನಾವು ಗೊತ್ತಿದ್ದ ಹೆಸರಿಗೇ ಕೈ ಹಾಕುತ್ತೇವೆ. ತಾನಾಗಿ ಎಂದೂ ಕೊಳ್ಳದಿದ್ದ ಪುಸ್ತಕ ಅಂಚೆಯಲ್ಲಿ ಬಂದು ಬಾಗಿಲು ತಟ್ಟುವುದೇ ಚಂದಾದಾರಿಕೆಯ ಸುಖ. ಇಷ್ಟವಾಗದ ಪುಸ್ತಕಕ್ಕೂ ಹಣ ತೆತ್ತಾಗಿರುತ್ತದೆ ಎಂಬುದು ಅದರ ಕಷ್ಟ, ಅದನ್ನೂ ಹೇಳಬೇಕಲ್ಲ.

ಕ್ಲಬ್ಬಿನ ಇನ್ನೊಂದು ಬಗೆ ಓದಿ ಸುಮ್ಮನಾಗದೆ ಕೂತು ಮಾತಾಡುವುದು. ಇಂಗ್ಲೆಂಡಿನಲ್ಲಿ 1936 ರಲ್ಲಿ ವಿಕ್ಟರ್ ಗೊಲಾನ್ಸ್ ಎಂಬ ಪ್ರಕಾಶಕ ತೆಗೆದ ಲೆಫ್ಟ್ ಬುಕ್ ಕ್ಲಬ್ಬಿಗೆ ಕೆಲವೇ ವರ್ಷಗಳಲ್ಲಿ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಸದಸ್ಯರಾದರು. ತಿಂಗಳಿಗೊಂದು ಪುಸ್ತಕ, ಊರೂರಿನಲ್ಲಿ ಅದರ ಮೇಲೆ ಚರ್ಚೆ. ರಾಜಕೀಯದ ಬಿಸಿ ಆರಿದ ಮೇಲೆ ಅದೂ ಆರಿ 1948 ರಲ್ಲಿ ಮುಚ್ಚಿತು. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ಒಂದೇ ಬೀದಿಯ ಹತ್ತು ಮನೆಯವರು ಸೇರಿದರೆ ಸಾಕು. ಪ್ರತಿಯೊಂದು ಮನೆಯವರೂ ಇನ್ನೂರು ರೂಪಾಯಿಯ ಒಂದೊಂದು ಪುಸ್ತಕ ಕೊಳ್ಳುವುದು. ತಿಂಗಳು ತುಂಬಿದ ಕೂಡಲೆ ಓದಿದ್ದನ್ನು ಪಕ್ಕದ ಮನೆಗೆ ದಾಟಿಸುವುದು. ಹತ್ತು ತಿಂಗಳು ಕಳೆಯುವ ಹೊತ್ತಿಗೆ ಇನ್ನೂರು ರೂಪಾಯಿ ಕೊಟ್ಟವರು ಎರಡು ಸಾವಿರದ ಪುಸ್ತಕ ಓದಿರುತ್ತಾರೆ. ಇಂಥ ಏರ್ಪಾಡಿನಲ್ಲಿ ನಾನು ಎರಡು ಸಲ ಸೇರಿದ್ದೇನೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ನಾಲ್ಕನೆಯ ಮನೆಯಲ್ಲಿ ಮದುವೆ ಬರುತ್ತದೆ, ಆರನೆಯ ಮನೆಯವರು ಪುಸ್ತಕವನ್ನು ಊರಿಗೆ ತೆಗೆದುಕೊಂಡು ಹೋಗಿರುತ್ತಾರೆ, ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಹುಳಿಯ ಕಲೆ ನೋಡಿಯೇ ಪುಸ್ತಕ ಯಾರ ಮನೆಯಿಂದ ಬಂತೆಂದು ಹೇಳಬಹುದು. ಆದರೂ ಪುಸ್ತಕ ಕೊಡುವ ನೆಪದಲ್ಲಿ ಬಾಗಿಲಲ್ಲಿ ನಿಂತು ಆಡುವ ಮಾತು ಉಂಟಲ್ಲ – "ಆ ಹುಡುಗಿಯನ್ನು ಕೊನೆಗೆ ಹಾಗೆ ಮಾಡಬಾರದಿತ್ತು ಕಣ್ರೀ" ಎಂಬಂಥ ಮಾತು – ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಅಚ್ಚಿನಲ್ಲಿ ಹೆಚ್ಚಾಗಿ ಕಂಡಿಲ್ಲ.

ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಹಿರಿಯ ಶ್ರೋತೃಗಳು ಮರೆತಿರಲಾರರು. ಒಂದು ಮಳಿಗೆ ಅಗಲದ ಅಂಗಡಿ, ಗೋಡೆ ತುಂಬ ಕಂದು ಕಾಗದದ ರಟ್ಟಿನ ಕಾದಂಬರಿಗಳು, ದಿನಕ್ಕೆ ಇಷ್ಟು ಎಂದು ಬಾಡಿಗೆ. ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು, ತ್ರಿವೇಣಿ, ಎಂ. ಕೆ. ಇಂದಿರಾ ಇವರನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದ್ದರಲ್ಲಿ ಈ ಅಂಗಡಿಗಳ ಪಾಲು ಸಣ್ಣದಲ್ಲ. ಹೊಸ್ತಿಲು ದಾಟಲು ನೂರು ನೆಪ ಬೇಕಾಗಿದ್ದ ಹೆಂಗಸರು ಮಗನ ಕೈಯಲ್ಲೋ ಮೈದುನನ ಕೈಯಲ್ಲೋ ಚೀಟಿ ಕೊಟ್ಟು ಪುಸ್ತಕ ತರಿಸಿ, ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಒಂದು ಅಧ್ಯಾಯ ಮುಗಿಸುತ್ತಿದ್ದರು. ನಾಳೆಗೆ ಬಾಡಿಗೆ ಏರುತ್ತದೆಂಬ ಹೆದರಿಕೆಯಿಂದ ಓದಿದ ವೇಗವೇ ಬೇರೆ. ಧಾರಾವಾಹಿಗಳನ್ನು ವಾರಪತ್ರಿಕೆಯಿಂದ ಕತ್ತರಿಸಿ, ದಾರದಲ್ಲಿ ಹೊಲಿದು, ಪುಸ್ತಕ ಮಾಡಿಕೊಂಡವರೂ ಇವರೇ.

ಇಷ್ಟೆಲ್ಲ ಒಳ್ಳೆಯ ಏರ್ಪಾಡುಗಳಿದ್ದರೂ ಅವುಗಳಿಗೊಂದು ಎಲ್ಲೆ ಉಂಟು. ಸ್ನೇಹಿತ ಕೊಡಬೇಕಾದರೆ ಸ್ನೇಹಿತನಿರಬೇಕು; ಕ್ಲಬ್ಬಿಗೆ ಸೇರಬೇಕಾದರೆ ಕರೆಯುವವರಿರಬೇಕು; ಬಾಡಿಗೆಗೆ ತರಬೇಕಾದರೆ ಜೇಬಿನಲ್ಲಿ ಚಿಲ್ಲರೆ ಇರಬೇಕು. ನೀನು ಯಾರು, ಯಾರ ಮಗ, ಯಾವ ಕೇರಿಯವನು ಎಂದು ಕೇಳದೆ ಪುಸ್ತಕ ಕೊಡಬೇಕಾದ ಜಾಗ ಒಂದೇ – ಸಾರ್ವಜನಿಕ ಗ್ರಂಥಾಲಯ.

ಈ ಮಾತನ್ನು ಶಾಸ್ತ್ರವಾಗಿಯೇ ಮಾಡಿಟ್ಟವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದವರು 1924 ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931 ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಪುಸ್ತಕಗಳಿರುವುದು ಉಪಯೋಗಕ್ಕೆ, ಕಾವಲಿಗಲ್ಲ, ಓದುಗ ಯಾರೇ ಆಗಲಿ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪುಸ್ತಕ ಯಾವುದೇ ಆಗಲಿ ಅದಕ್ಕೆ ಓದುಗ ದೊರೆಯಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು, ಗ್ರಂಥಾಲಯ ಬೆಳೆಯುವ ಜೀವಿ. ಕೇಳುವುದಕ್ಕೆ ಮಗುವಿನ ಪಾಠದಂತಿವೆ. ಬೀಗ ಹಾಕಿದ ಗಾಜಿನ ಬೀರುವಿನ ಮುಂದೆ ಒಮ್ಮೆ ನಿಂತವರಿಗೆ ಮಾತ್ರ ಇವುಗಳ ಬೆಲೆ ಗೊತ್ತಾಗುತ್ತದೆ.

ಮೂರನೆಯ ಸೂತ್ರಕ್ಕೆ ನಮ್ಮ ಮೈಸೂರಿನಲ್ಲೇ ಒಂದು ದೃಷ್ಟಾಂತವಿದೆ. 1891 ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಒಂದು ಕಟ್ಟನ್ನು ತಂದು ಒಪ್ಪಿಸಿದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಹೆಸರು ಮಾತ್ರ ಉಳಿದು ಮೂಲ ಕಳೆದುಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909 ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚಿನಲ್ಲಿ ತಂದಾಗ ಭಾರತದ ಇತಿಹಾಸವನ್ನೇ ಹೊಸದಾಗಿ ನೋಡಬೇಕಾಯಿತು. ಆ ಕಟ್ಟು ಶತಮಾನಗಳ ಕಾಲ ಯಾರ ಯಾರ ಅಟ್ಟದಲ್ಲಿತ್ತೋ! ಪುಸ್ತಕ ಇದ್ದರೆ ಸಾಲದು, ಕಟ್ಟು ಬಿಚ್ಚುವ ಕೈ ಬೇಕು.

ರಂಗನಾಥನ್ನರು 1957 ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1972 ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ಅವರು ಬಂದ ಎಂಟು ವರ್ಷಕ್ಕೆ, 1965 ರಲ್ಲಿ, ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಈ ಕಾಯಿದೆಯಲ್ಲಿ ಒಂದು ಅಂಶವಿದೆ. ಮನೆ ಕಟ್ಟಿಕೊಂಡಿರುವ ಶ್ರೋತೃಗಳು ದಯವಿಟ್ಟು ಗಮನಿಸಬೇಕು. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಎಂದು ನೂರಕ್ಕೆ 6 ರಂತೆ ಸೇರುತ್ತದೆ. ರಸೀತಿಯಲ್ಲಿ ಒಟ್ಟು ಮೊತ್ತವನ್ನು ನೋಡಿ ನಿಟ್ಟುಸಿರು ಬಿಡುವ ನಾವು ಈ ಬಾಬನ್ನು ಓದುವುದೇ ಇಲ್ಲ. ಐದು ಸಾವಿರ ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕೆ ಮುನ್ನೂರು ರೂಪಾಯಿ ಕೊಟ್ಟಿರುತ್ತಾರೆ. ಎಂದರೆ ಬಡಾವಣೆಯ ಗ್ರಂಥಾಲಯಕ್ಕೆ ನಾವೆಲ್ಲ ಆಗಲೇ ಚಂದಾದಾರರು! ಚಂದಾ ಕಟ್ಟಿಯೂ ಪುಸ್ತಕ ತರದ ಚಂದಾದಾರರು. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಪೂರ್ತಿಯಾಗಿ ದಾಟಿಸುವುದಿಲ್ಲವೆಂಬ ದೂರು ಬಹುಕಾಲದಿಂದ ಇದೆ. ಆದರೆ ಅದನ್ನು ಕೇಳಬೇಕಾದ ನಾವು ಕೇಳಿದ್ದೇವೆಯೆ?

ಸರ್ಕಾರ ಈ ಗ್ರಂಥಾಲಯಗಳಿಗಾಗಿ ಆಯ್ದ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಮುದ್ರಣವೇ ಸಾವಿರ ಪ್ರತಿಯೆಂದ ಮೇಲೆ, ಅದರಲ್ಲಿ ಕೆಲವು ನೂರು ಹೀಗೆ ಹೋದರೆ ಪ್ರಕಾಶಕನಿಗೆ ಬದುಕು. ಇದು ತಪ್ಪಲ್ಲ, ಬೇಕಾದದ್ದೇ. ಆದರೆ ಇದರಲ್ಲಿ ಒಂದು ಅಪಾಯವಿದೆ. ಅಚ್ಚಿನ ಮನೆಯಿಂದ ಹೊರಟ ಪುಸ್ತಕ ನೇರವಾಗಿ ಕಪಾಟಿಗೆ ಹೋಗಿ ನಿಲ್ಲುತ್ತದೆ. ನಡುವೆ ಓದುಗನೆಂಬವನು ಬರುವುದೇ ಇಲ್ಲ. ಬರೆದವನಿಗೆ ಬರೆದ ತೃಪ್ತಿ, ಅಚ್ಚುಹಾಕಿದವನಿಗೆ ಹಣ, ಇಲಾಖೆಗೆ ಲೆಕ್ಕ – ಪುಸ್ತಕಕ್ಕೆ ಧೂಳು. ನಮ್ಮ ಶಾಖಾ ಗ್ರಂಥಾಲಯಗಳಿಗೆ ಹೋಗಿ ನೋಡಿ. ಬೆಳಗ್ಗೆ ಪತ್ರಿಕೆಯ ಮೇಜಿನ ಸುತ್ತ ಹಿರಿಯರು. ಉಳಿದ ಮೇಜುಗಳಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ತಾವೇ ತಂದ ಪುಸ್ತಕಗಳೊಡನೆ. ಇವರನ್ನು ನಾನು ಆಕ್ಷೇಪಿಸಲಾರೆ. ಮನೆಯಲ್ಲಿ ಕೂರಲು ಜಾಗವಿಲ್ಲದ ಹುಡುಗನಿಗೆ ಒಂದು ಮೇಜು, ಒಂದು ದೀಪ ಕೊಡುವುದೂ ಗ್ರಂಥಾಲಯದ ಧರ್ಮವೇ. ಹಿಂದಿನ ಸಾಲಿನ ಕಪಾಟುಗಳ ಕಡೆಗೆ ಮಾತ್ರ ಯಾರೂ ನಡೆಯುವುದಿಲ್ಲ.

ಹಳ್ಳಿಗಳ ಕಡೆಯಿಂದ ಕೆಲವು ಒಳ್ಳೆಯ ಸುದ್ದಿಗಳಿವೆ. 2019 ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ಮರುವರ್ಷ ಶಾಲೆಗಳೆಲ್ಲ ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಸೇರಿಸಿಕೊಂಡರು. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬವರು, ಶಾಲೆಯ ಮೆಟ್ಟಿಲು ಹತ್ತದ ಕೂಲಿಕಾರರು, ತಮ್ಮ ದುಡಿಮೆಯಲ್ಲಿ ಉಳಿಸಿ ಪತ್ರಿಕೆ, ಪುಸ್ತಕ ಸೇರಿಸಿ ಬೀದಿಯ ಬದಿಯಲ್ಲೊಂದು ವಾಚನಾಲಯ ನಡೆಸುತ್ತಿದ್ದರು. ಹೆಚ್ಚಿನವು ಕನ್ನಡ ಪುಸ್ತಕಗಳು. 2021 ರ ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ಅದು ಸುಟ್ಟುಹೋಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ತಿಳಿದು ನಾಡಿನ ಹೊರಗಿನಿಂದಲೂ ಜನ ಹಣವನ್ನೂ ಪುಸ್ತಕವನ್ನೂ ಕಳುಹಿಸಿದರು. ಉರಿದ ಮೇಲೆ ಎದ್ದ ಔದಾರ್ಯ ದೊಡ್ಡದು, ನಿಜ. ಉರಿಯುವ ಮೊದಲು ದಿನವೂ ಬಂದು ಕೂತು ಓದುತ್ತಿದ್ದ ಆ ಬೀದಿಯ ಜನರೂ ದೊಡ್ಡವರೇ ಎಂದು ನನ್ನ ಎಣಿಕೆ. ಪತ್ರಿಕೆಗಳಲ್ಲಿ ಅವರ ಸುದ್ದಿ ಬರಲಿಲ್ಲ, ಅಷ್ಟೆ.

ಗ್ರಂಥಾಲಯಕ್ಕೆ ಹೋದರೆ ಬೇಕಾದ ಪುಸ್ತಕ ಇರುವುದಿಲ್ಲ ಎನ್ನುತ್ತಾರೆ. ಇರುವುದಿಲ್ಲ, ಒಪ್ಪಿದೆ. ಇಲ್ಲದ ಪುಸ್ತಕದ ಹೆಸರನ್ನು ಸಲಹೆಯ ಪುಸ್ತಕದಲ್ಲಿ ಬರೆದು ಬರಬಹುದು. ಅಂಥ ಪುಸ್ತಕವೇ ಇಲ್ಲವೆಂದರೆ ಒಂದು ಹಾಳೆಯಲ್ಲಿ ಬರೆದು ಗ್ರಂಥಪಾಲರ ಕೈಗೆ ಕೊಡಬಹುದು. ಒಬ್ಬರು ಬರೆದರೆ ಹಾಳೆ ಕಳೆದುಹೋಗುತ್ತದೆ. ಒಂದೇ ಬೀದಿಯ ಹತ್ತು ಮನೆಯವರು ಒಂದೇ ಹೆಸರನ್ನು ಬರೆದರೆ ಕಳೆಯುವುದು ಕಷ್ಟ.

ಎರವಲು ಪುಸ್ತಕದ ಹಿಂಬದಿಯಲ್ಲಿ ತಾರೀಖು ಒತ್ತುವ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಪುಸ್ತಕಕ್ಕಿಂತ ಮೊದಲು ಅದನ್ನು ಓದುವುದು ನನ್ನ ಅಭ್ಯಾಸ. ಮೊನ್ನೆ ತಂದ ಒಂದು ಹಳೆಯ ಕಾದಂಬರಿಯ ಚೀಟಿಯಲ್ಲಿ 1971 ರಿಂದ ಮೂರು ನಾಲ್ಕು ವರ್ಷ ತಿಂಗಳಿಗೊಂದರಂತೆ ತಾರೀಖುಗಳಿವೆ. ಆಮೇಲೆ ವರ್ಷಕ್ಕೊಂದು. ಕೊನೆಯದು 1994 ರದು. ಅದರ ಕೆಳಗೆ ಗ್ರಂಥಪಾಲರು ನನ್ನದನ್ನು ಒತ್ತಿಕೊಟ್ಟರು. ಶಾಯಿ ಒಣಗಿದ್ದರಿಂದ ಎರಡು ಸಲ ಒತ್ತಬೇಕಾಯಿತು. ಹದಿನೈದು ದಿನದ ವಾಯಿದೆ. ಇನ್ನು ಅರವತ್ತು ಪುಟ ಉಳಿದಿದೆ, ಗುರುವಾರ ಹಿಂದಿರುಗಿಸಬೇಕು. ಪಕ್ಕದ ಮನೆಯವರು ಆಗಲೇ ಅದರ ಹೆಸರು ಬರೆದುಕೊಂಡು ಹೋಗಿದ್ದಾರೆ.